ನಲ್ಲಿಯಪ್ಪನ ನಿಧಾನ

"ಮೂರು ಗಂಟೆಗೆ ಹೆಡ್ಡಾಫೀಸಿನವರು ಸ್ಕ್ರೀನ್ ಮೇಲೆ ಬರ್ತಾರೆ. ಹೋದ ಸಲದ ಹಾಗೆ ನನ್ನ ಮುಖ ಬಾಯಿ ತೆರ್ಕೊಂಡು ಅಲ್ಲೇ ನಿಂತುಬಿಟ್ಟಿತೋ, ನಿನ್ನನ್ನ ಖಾಯಂ ಮಾಡೋ ಮಾತೇ ಎತ್ತಲ್ಲ. ತಿಳೀತಾ?" ಎಂದರು ಮ್ಯಾನೇಜರು.

ತಿಳಿಯದೆ ಏನು! ಆರು ವರ್ಷದಿಂದ ಅವನು ಆ ನಕ್ಷೆ ಕಚೇರಿಯಲ್ಲಿ ತಾತ್ಕಾಲಿಕ. ಹನ್ನೊಂದು ತಿಂಗಳಿಗೊಮ್ಮೆ ಅವನ ನೌಕರಿ ಸತ್ತು ಹುಟ್ಟುತ್ತಿತ್ತು. ಅವನ ಮಾವನಂತೂ ಬಂದುಹೋದವರಿಗೆಲ್ಲ, "ಇವರು ನಮ್ಮ ತಾತ್ಕಾಲಿಕ ಅಳಿಯಂದಿರು" ಎಂದೇ ಪರಿಚಯ ಮಾಡಿಸುತ್ತಿದ್ದರು.

ಕಚೇರಿಯಲ್ಲಿ ನಲವತ್ತು ಕಂಪ್ಯೂಟರ್, ಅಷ್ಟಕ್ಕೂ ಇಂಟರ್ನೆಟ್ ಲೈನು ಒಂದೇ. ಒಂದು ಲೋಟ ಪಾನಕಕ್ಕೆ ನಲವತ್ತು ಜನ ಬಾಯಿ ಹಾಕಿದ ಹಾಗೆ. ಯಾರಿಗೆ ಎಷ್ಟು ಗುಟುಕು ಎಂದು ತೀರ್ಮಾನಿಸುವವನು ಬೀರುವಿನಷ್ಟೇ ಅಗಲದ ಕೋಣೆಯಲ್ಲಿ ಕೂತ ಇವನು. ಅದಕ್ಕೇ ನಲ್ಲಿಯಪ್ಪ ಎಂಬ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಗೂ ಮರೆತುಹೋಗಿತ್ತು.

ಆದರೆ ಕಸುಬಿನಲ್ಲಿ ಅವನನ್ನು ಮೀರಿಸುವವರು ಏಳು ಸಮುದ್ರದಾಚೆಗೂ ಇರಲಿಲ್ಲ. ಲೈನು ಪೂರ್ತಿ ಮುಚ್ಚಿದರೆ ಜನ ಕುರ್ಚಿ ಎತ್ತಿಕೊಂಡು ಹೊಡೆಯಲು ಬರುತ್ತಾರೆ. ಅದೇ ಒಂದೊಂದು ಕ್ಲಿಕ್ಕಿಗೂ ಐದೈದು ಸೆಕೆಂಡು ತಡ ಸೇರಿಸಿ ನೋಡಿ, ಮೊದಲು ಮೌಸನ್ನು ಕುಟ್ಟುತ್ತಾರೆ, ಆಮೇಲೆ ಮೆಷಿನ್ನನ್ನು ಬೈಯುತ್ತಾರೆ, ಕೊನೆಗೆ ತಮ್ಮ ಹಣೆಬರಹವನ್ನು ಹಳಿದುಕೊಂಡು ಸುಮ್ಮನಾಗುತ್ತಾರೆ. ಈ ಗುಟ್ಟು ತಿಳಿದವನು ಭೂಮಿಯ ಮೇಲೆ ನಲ್ಲಿಯಪ್ಪ ಒಬ್ಬನೇ.

ಎರಡು ಗಂಟೆಗೆ ಕೆಲಸ ಶುರು ಮಾಡಿದ. ಲೈನಿನ ಮುಕ್ಕಾಲು ಪಾಲು ಮ್ಯಾನೇಜರ ಕೋಣೆಗೆ. ಉಳಿದ ಕಾಲು ಪಾಲನ್ನು ಮೂವತ್ತೊಂಬತ್ತು ಮಂದಿಗೆ ತೀರ್ಥದಂತೆ ಹಂಚಿದ. ಮೇಲೆ ಧಾರಾಳವಾಗಿ ತಡ ಸುರಿದ.

ಎರಡೂ ಹತ್ತಕ್ಕೆ ನಕ್ಷೆ ತೆಗೆದುಕೊಡುವ ಅಕ್ಕ ಬಂದರು.

"ಏನಪ್ಪಾ ಇದು? ಹನ್ನೆರಡು ಎಕರೆ ನಕ್ಷೆ ತೆಗೆದರೆ ಬೇಲಿ ಬಂತು, ಜಮೀನು ಬರಲೇ ಇಲ್ಲ! ಯಜಮಾನ ಎದುರಿಗೇ ಕೂತಿದ್ದಾನೆ. 'ಮೇಡಂ, ನನ್ನ ಜಮೀನು ಯಾರು ಹೊಡ್ಕೊಂಡ್ರು' ಅಂತ ಅಳ್ತಿದ್ದಾನೆ."

"ಬರುತ್ತೆ ಅಕ್ಕಾ. ದೊಡ್ಡ ಜಮೀನಲ್ವಾ, ನಡ್ಕೊಂಡು ಬರಬೇಕು."

ಅಕ್ಕ ಹೋಗುವುದೇ ತಡ, ಉಗ್ರಾಣದವನು ನುಗ್ಗಿದ. ಆಳು ಬಾಗಿಲಿಗಿಂತ ಅಗಲ. ಮೇಜಿನ ಕೆಳಗೆ ಫೋನ್ ಇಟ್ಟುಕೊಂಡು ಫುಟ್‌ಬಾಲ್ ಪಂದ್ಯ ನೋಡುವುದು ಅವನ ಮುಖ್ಯ ಉದ್ಯೋಗ.

"ಲೋ ನಲ್ಲಿಯಪ್ಪ! ಎದುರು ಕಟ್ಟಡದವರು ಗೋಲ್ ಅಂತ ಕೂಗಿ, ಕುಣಿದು, ಕಾಫಿ ಕುಡಿದು ಕೂತ ಮೇಲೆ ನನ್ನ ಫೋನಲ್ಲಿ ಚೆಂಡು ಕಾಲಿಂದ ಹೊರಡುತ್ತೆ. ಮೋಸ ಅಲ್ವೇನೋ ಇದು?"

"ಫಲಿತಾಂಶ ಮೊದಲೇ ಗೊತ್ತಾಗುತ್ತಲ್ಲಣ್ಣ, ಟೆನ್ಶನ್ ಇಲ್ಲ."

ಇಷ್ಟಾದರೂ ಗುಟ್ಟು ಗುಟ್ಟಾಗಿಯೇ ಇತ್ತು. ಕೆಡಿಸಿದವಳು ಟೈಪಿಸ್ಟು. ಸಹಿ ಹಾಕಿಸಲು ಮ್ಯಾನೇಜರ ಕೋಣೆಗೆ ಹೋದವಳು ಅಲ್ಲಿನ ಸ್ಕ್ರೀನು ನೋಡಿ ಬಂದು ಹಾಲಿನ ನಡುವೆ ನಿಂತು ಕೂಗಿದಳು: "ಅಲ್ಲಿ ಹೊಳೆ ಹರಿದಂಗೆ ಹರೀತಿದೆ ರೀ! ನಮಗೆ ಮಾತ್ರ ಉಪವಾಸ. ಎಲ್ಲ ಇವನದೇ ಕಿತಾಪತಿ!"

ಮೂವತ್ತೊಂಬತ್ತು ಮಂದಿ ಬೀರುವಿನಷ್ಟಗಲದ ಕೋಣೆಗೆ ಒಟ್ಟಿಗೇ ನುಗ್ಗಿದರು. ನಂಬದಿದ್ದರೆ ಬಿಡಿ, ಹಿಡಿಸಿದ್ದಂತೂ ನಿಜ.

"ಆರು ವರ್ಷ ನಮ್ಮ ಡಬ್ಬಿಯಿಂದ ತಿಂದೋನು ನೀನು!" ಎಂದರು ಅಕ್ಕ.

"ಅಕ್ಕಾ, ಒಂದು ಗಂಟೆ ಅಷ್ಟೇ. ನನ್ನ ನೌಕರಿ ಪ್ರಶ್ನೆ."

"ನಮ್ಮದೇನು ನಾಟಕದ ಪಾರ್ಟಾ?" ಎಂದು ಉಗ್ರಾಣದವನು ಒಂದು ಹೆಜ್ಜೆ ಮುಂದಿಟ್ಟ. ಆ ಆನೆ ಹೆಜ್ಜೆ ಸರಿಯಾಗಿ ಮ್ಯಾನೇಜರ ಕೋಣೆಗೆ ಹೋಗುವ ತಂತಿಯ ಮೇಲೆ ಬಿತ್ತು. ತಂತಿಯ ತುದಿಯ ಕೊಂಡಿ ಚಟ್ ಎಂದು ಮುರಿಯಿತು. ಗಂಟೆ ಮೂರಾಗಲು ಎರಡೇ ನಿಮಿಷ. ಬೇರೆ ತಂತಿ ಇರಲಿಲ್ಲ.

ನಲ್ಲಿಯಪ್ಪ ನೆಲಕ್ಕೆ ಕುಕ್ಕರಿಸಿದ. ತಂತಿಯ ತುದಿಯನ್ನು ತೂತಿಗೆ ಸಿಕ್ಕಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಹಸಿರು ದೀಪ ಹೊತ್ತಿತು. ಬೆರಳು ಸಡಿಲಿಸಿದರೆ ದೀಪ ಹೋಗುತ್ತದೆ, ದೀಪ ಹೋದರೆ ಮ್ಯಾನೇಜರ ಬಾಯಿ ತೆರೆದುಕೊಂಡೇ ಉಳಿಯುತ್ತದೆ. ಐವತ್ತು ನಿಮಿಷ ಅವನು ಹಾಗೇ ಕೂತ. ಸುತ್ತ ನಿಂತವರು ಅವನ ಮೂರು ತಲೆಮಾರನ್ನು ಜಾಲಾಡಿದರು. ಮೂಗಿನ ಮೇಲೆ ನೊಣ ಕೂತು ಸಂಸಾರ ಹೂಡಿತು. ಕಾಲು ಜೋಮು ಹಿಡಿದು ಬೇರೆಯವರ ಕಾಲಾಯಿತು.

ನಡುವೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಕ್ಕನೇ ಕನಿಕರಪಟ್ಟು ತೆಗೆದು ಅವನ ಕಿವಿಗೆ ಹಿಡಿದರು. ಹೆಂಡತಿ.

"ಏನ್ರೀ, ಖಾಯಂ ಆಯ್ತಾ? ಅಪ್ಪ ಕೇಳ್ತಿದ್ದಾರೆ."

"ಆಗ್ತಾ ಇದೆ ಕಣೇ. ಹೆಬ್ಬೆರಳಲ್ಲಿ ಹಿಡ್ಕೊಂಡಿದ್ದೀನಿ."

ನಾಲ್ಕಾಗಲು ಹತ್ತು ನಿಮಿಷವಿದ್ದಾಗ ಮ್ಯಾನೇಜರು ಬಂದರು. ಜನ ಸರಿದು ದಾರಿ ಬಿಟ್ಟರು. ನಲ್ಲಿಯಪ್ಪ ಕೂತಲ್ಲಿಂದಲೇ ಹಲ್ಲು ಕಿರಿದ. "ಹೇಗಿತ್ತು ಸರ್ ಲೈನು?"

"ಕನ್ನಡಿ ಕಣಯ್ಯ. ಒಂದಕ್ಷರ ತಪ್ಪಲಿಲ್ಲ," ಎಂದರು ಮ್ಯಾನೇಜರು. ಧ್ವನಿಯಲ್ಲಿ ಸಂತೋಷದ ಸುಳಿವಿಲ್ಲ. "ಅದೇ ಆಗಿದ್ದು ತೊಂದರೆ. ಮೂರು ವರ್ಷದಿಂದ ಪ್ರತಿ ಮೀಟಿಂಗಲ್ಲೂ ಅವರು ಒಂದೇ ಮಾತು ಹೇಳ್ತಿದ್ರಂತೆ, ಆ ತಾತ್ಕಾಲಿಕದವನನ್ನ ತೆಗೀರಿ ಅಂತ. ಬರೆದು ಕೊಟ್ಟರೆ ನೀನು ಕೋರ್ಟಿಗೆ ಹೋಗ್ತೀಯ ಅಂತ ಬಾಯಲ್ಲೇ ಹೇಳ್ತಿದ್ರಂತೆ. ನನಗೆ ಬರೀ ಕರಕರ ಕೇಳ್ತಿತ್ತು. 'ಆಗಲಿ ಸರ್' ಅಂತ ತಲೆ ಆಡಿಸಿ ಸುಮ್ಮನಾಗ್ತಿದ್ದೆ. ಇವತ್ತು ಕೇಳಿಸಿಬಿಡ್ತು."

"ಖಾಯಂ ವಿಷಯ ನೀವು ಎತ್ತಲಿಲ್ವಾ ಸರ್?"

"ಎತ್ತಿದೆ. ಲೈನು ಇಷ್ಟು ಚೆನ್ನಾಗಿ ತಾನಾಗೇ ನಡೀತಿರೋವಾಗ ಅಲ್ಲೊಬ್ಬ ಆಳು ಯಾಕ್ರೀ ಅಂದ್ರು. ಈ ಸಲ ಕೇಳಿಸಲಿಲ್ಲ ಅನ್ನೋಕೆ ಬಾಯಿ ಬರಲಿಲ್ಲ ನನಗೆ. ಇವತ್ತೇ ಕೊನೆ ದಿನ."

ಮ್ಯಾನೇಜರು ಹೊರಟುಹೋದರು. ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ, ನೆಲ ನೋಡುತ್ತ, ತಂತಮ್ಮ ಜಾಗಕ್ಕೆ ಹೋದರು. ನಲ್ಲಿಯಪ್ಪ ಬೆರಳು ತೆಗೆದ. ಹಸಿರು ದೀಪ ಆರಿತು. ಅವನು ಕೀಲಿಮಣೆ ಹತ್ತಿರ ಎಳೆದುಕೊಂಡು ತಾನು ಹಾಕಿದ ಮಿತಿ, ಸುರಿದ ತಡ ಎಲ್ಲವನ್ನೂ ಒಂದೊಂದಾಗಿ ತೆಗೆದುಹಾಕಿದ. ಮ್ಯಾನೇಜರ ಮುಕ್ಕಾಲು ಪಾಲೂ ಈಗ ಹಾಲಿಗೆ ಹರಿಯಿತು.

ಮರುಗಳಿಗೆಗೇ ಹಾಲಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸೂರು ಹಾರಿಹೋಗುವಷ್ಟು.

"ಬಂತು! ಹನ್ನೆರಡೂ ಎಕರೆ ಬಂತು!" ಅಕ್ಕ ಬಾಗಿಲಿಗೆ ಓಡಿಬಂದರು. ಖುಷಿಯಲ್ಲಿ ಅವರಿಗೆ ಏನೂ ನೆನಪಿರಲಿಲ್ಲ. "ಅಂತೂ ಸರಿಮಾಡಿದೆಯಲ್ಲಪ್ಪಾ! ನಾಳೆಯಿಂದ ದಿನಾ ಹಿಂಗೇ ನೋಡ್ಕೋ."