ಒಂದೇ ಅಟ್ಟೆಯ ಚಪ್ಪಲಿ

ನನ್ನ ಕಾಲಿನ ಚಿಂತೆ ನನಗಿಂತ ಊರಿಗೆ ಹೆಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಊರು ಯಾವುದೇ ಇರಲಿ, ಜನ ಮೊದಲು ನನ್ನ ಚಪ್ಪಲಿ ನೋಡುತ್ತಾರೆ. ಆಮೇಲೆ ಮೋರೆ ನೋಡುತ್ತಾರೆ. ಆಮೇಲೆ ಮತ್ತೆ ಚಪ್ಪಲಿ ನೋಡುತ್ತಾರೆ. ಅದರ ಹಿಂದೆಯೇ ಏನಾದರೊಂದು ಆಗೇ ಆಗುತ್ತದೆ.

ನಾನು ಸರ್ವೇಯರ್ ಇದ್ದೆ. ಹೊಲ ಅಳೆಯುವ ಕೆಲಸ. ಚಪ್ಪಲಿ ತೆಳ್ಳಗಿರಬೇಕು, ಸಪಾಟಾಗಿರಬೇಕು, ಹಗುರ ಇರಬೇಕು. ಕಾಲಿಗೆ ನೆಲ ಗೊತ್ತಾಗಬೇಕು. ಇಷ್ಟೇ ನನ್ನ ಹಟ. ಈ ಹಟದಿಂದ ಮಗಳ ಲಗ್ನ ನಿಲ್ಲುವ ಹಂತಕ್ಕೆ ಬಂದಿತ್ತು. ಮೊದಲು ಚಪ್ಪಲಿ ಹುಟ್ಟಿದ್ದನ್ನು ಹೇಳುತ್ತೇನೆ.

ಇಂಡಿ: ಕಾಕಾನ ಷರತ್ತು

ತೊಂಬತ್ತರ ದಶಕದ ಶುರುವಿನಲ್ಲಿ ಇಂಡಿಯಲ್ಲಿದ್ದೆ. ಆಗ ಎಲ್ಲರಂತೆ ನನ್ನದೂ ಎತ್ತರದ ಹಿಮ್ಮಡಿಯ ಚಪ್ಪಲಿ. ಎರೆ ಹೊಲದ ಒಣ ಹೆಂಟೆಗಳ ಮೇಲೆ ಕಾಲು ಹೊರಳಿತು. ವಾಸಿಯಾಯಿತು. ಮತ್ತೆ ಹೊರಳಿತು. ಕುಂಟುತ್ತ ಬಸ್ ಸ್ಟ್ಯಾಂಡ್ ಗೋಡೆಗೆ ಕೂತು ಚಪ್ಪಲಿ ಹೊಲಿಯುವ ಕಾಕಾನ ಹತ್ತಿರ ಹೋದೆ.

“ಕಾಕಾ, ಹಿಮ್ಮಡಿ ತೆಗಿ.”

“ತೆಗದು ಹೊಸಾದು ಹಚ್ಚಲೇನ್ರಿ?”

“ಹಚ್ಚಬ್ಯಾಡ. ತೆಗಿ ಅಷ್ಟ.”

ತೆಗೆದ.

“ಕೆಳಗಿನ ಅಟ್ಟೀನೂ ತೆಗಿ. ಒಂದ ಅಟ್ಟಿ ಇರಲಿ.”

ಕಾಕಾ ಉಳಿ ಕೆಳಗಿಟ್ಟ. “ಸಾಹೇಬ್ರ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?”

ಹೇಳಿ ಹೇಳಿ ಕೊನೆಗೆ ಹೊಸದೇ ಮಾಡಿಸಿದೆ. ಒಂದೇ ಅಟ್ಟೆ. ಮುಂದೆ ಬೆರಳು ಬಿಚ್ಚುವಷ್ಟು ಅಗಲ. ಮೇಲೊಂದು ಪಟ್ಟಿ, ಹಿಂದೊಂದು ಪಟ್ಟಿ. ಕಾಕಾ ಅದನ್ನು ಬಿಸಿಲಿಗೆ ಹಿಡಿದು ಖಡಕ್ ರೊಟ್ಟಿಯಂತೆ ತಿರುಗಿಸಿ ನೋಡಿದ. ಮುಖ ಸಪ್ಪಗಾಯಿತು.

“ಒಂದ ಮಾತ ಕೊಡ್ರಿ ಸಾಹೇಬ್ರ.”

“ಏನು?”

“ಇದನ್ನ ಯಾರ ಮಾಡ್ಯಾರ ಅಂತ ಕೇಳಿದ್ರ ನನ್ನ ಹೆಸರ ಹೇಳಬ್ಯಾಡ್ರಿ. ನಾನೂ ಮಕ್ಕಳು ಮರಿ ಇದ್ದಾಂವ.”

ಮಾತು ಕೊಟ್ಟೆ. ಮುಂದೆ ಸವೆದಾಗಲೆಲ್ಲ ಇಂಡಿಗೇ ಹೋಗಿ ಮಾಡಿಸಿದೆ. ಪ್ರತಿ ಸಲವೂ ಅದೇ ಷರತ್ತು.

ಸಿಂದಗಿ: ಬೆಟ್ಟದ ಬೂಟು

ಸಿಂದಗಿಗೆ ವರ್ಗವಾಯಿತು. ಅಲ್ಲಿಗೆ ಮೈಸೂರು ಕಡೆಯಿಂದ ಹೊಸ ಅಧಿಕಾರಿ ಬಂದರು. ಹರೆಯದವರು. ಕಾಲಲ್ಲಿ ಮೊಳಕಾಲ ಕಡೆಗೆ ಹೊರಟಂಥ ಬೂಟು. ಕೆಳಗೆ ಟ್ರ್ಯಾಕ್ಟರ್ ಗಾಲಿಯಂತೆ ಹಲ್ಲು.

ನನ್ನ ಕಾಲು ನೋಡಿ ಹೇಳಿದರು: “ಏನ್ರೀ ಇದು? ಫೀಲ್ಡಿಗೆ ಬರೋರು ಹೀಗೆ ಬರೋದಾ? ನಾವು ಬೆಟ್ಟ ಹತ್ತೋಕೆ ಇಂಥಾ ಬೂಟು ಹಾಕ್ತೀವಿ.”

ಸಿಂದಗಿಯಲ್ಲಿ ಬೆಟ್ಟ ಇಲ್ಲ. ಅವರಿಗೇ ಗೊತ್ತಾಗುತ್ತದೆ ಎಂದು ಬಿಟ್ಟೆ.

ಅಣ್ಣತಮ್ಮಂದಿರ ಜಗಳದ ಹೊಲ. ನಡುವೆ ಒಡ್ಡು. ತಮ್ಮನ ತಕರಾರು ಒಂದೇ, ತನ್ನ ಪಾಲು ಕಮ್ಮಿ ಬಂದಿದೆ. ಹಿಂದಿನ ದಿನ ಮಳೆಯಾಗಿತ್ತು. ನನ್ನ ಚಪ್ಪಲಿಗೆ ಮಣ್ಣು ಹತ್ತಿತು. ಕಾಲು ಝಾಡಿಸಿದೆ, ಬಿತ್ತು. ಹತ್ತಿತು, ಝಾಡಿಸಿದೆ. ಸಾಹೇಬರ ಬೂಟಿನ ಹಲ್ಲಿಗೆ ಹತ್ತಿದ ಎರೆ ಮಣ್ಣು ಬೀಳಲಿಲ್ಲ. ಅದರ ಮೇಲೆ ಮತ್ತೆ ಹತ್ತಿತು. ತಮ್ಮನ ಅರ್ಧ ಹೊಲ ದಾಟುವುದರಲ್ಲಿ ಸಾಹೇಬರು ನನಗಿಂತ ಎತ್ತರವಾಗಿದ್ದರು. ಬಂದಾಗ ಗಿಡ್ಡರಿದ್ದರು.

ಒಡ್ಡು ದಾಟಿ ಅಣ್ಣನ ಹೊಲಕ್ಕೆ ಇಳಿದು ಕಟ್ಟಿಗೆ ತೆಗೆದುಕೊಂಡು ಮಣ್ಣು ಕೆರೆದು ಕೆಡವತೊಡಗಿದರು. ರಾಶಿ ಬಿತ್ತು.

ತಮ್ಮ ಓಡಿಬಂದು ಕೈಮುಗಿದ.

“ಸಾಹೇಬ್ರ, ಮೊದಲ ನಮ್ಮ ಹೊಲ ಕಮ್ಮಿ ಐತಿ. ಇದ್ದದ್ದನ್ನೂ ಹೊತ್ತು ತಂದು ನಮ್ಮಣ್ಣಗ ಕೊಡಾಕತ್ತೀರಲ್ರಿ!”

ಮುದ್ದೇಬಿಹಾಳ: ಹಾಕಿದ್ದು ಗೊತ್ತಾಗದ ಬೂಟು

ಮುದ್ದೇಬಿಹಾಳದಲ್ಲಿ ಮಗಳು ಕಾಲೇಜಿಗೆ ಹೋಗತೊಡಗಿದಳು. ಹೆಂಡತಿಗೆ ಅಲ್ಲಿಂದಲೇ ಚಿಂತೆ ಶುರು.

“ನಾಳೆ ಹುಡುಗಿ ನೋಡಾಕ ಬರೋರು ಮೊದಲ ಬಾಗಲ್ದಾಗಿನ ಚಪ್ಪಲಿ ನೋಡ್ತಾರ್ರಿ. ಅಪ್ಪನ ಚಪ್ಪಲಿ ಹಿಂಗಿದ್ರ ಲಗ್ನ ಹೆಂಗ ಮಾಡಿಕೊಟ್ಟಾರು ಅಂತಾರ.”

ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಒಂದೊಂದೇ ಡಬ್ಬಿ ಬಿಚ್ಚಿದ. ಒಂದು ಭಾರ. ಒಂದು ಮುಂದೆ ಚೂಪು, ಬೆರಳು ಒಂದರ ಮೇಲೊಂದು ಹತ್ತಿದವು. ಒಂದಕ್ಕೆ ಹಿಮ್ಮಡಿ ಎಷ್ಟು ಎತ್ತರವೆಂದರೆ ನಿಂತಲ್ಲೇ ಇಳಿಜಾರಿನಲ್ಲಿ ನಿಂತ ಹಾಗಾಯಿತು. ಬೇಡ ಅಂದೆ. ಬೇಡ ಅಂದೆ. ಬೇಡ ಅಂದೆ.

ಕೊನೆಗೆ ಒಳಗೆ ಹೋಗಿ ಬಿಳಿಯದೊಂದು ತಂದ. ಕೈಯಲ್ಲಿ ಕೂಸು ಹಿಡಿದ ಹಾಗೆ ಹಿಡಿದಿದ್ದ.

“ಇದನ್ನ ನೋಡ್ರಿ ಸರ. ಎಲ್ಲಕ್ಕಿಂತ ತುಟ್ಟಿ ಮಾಲು. ಹಾಕ್ಕೊಂಡ್ರ ಕಾಲಾಗ ಏನೂ ಇಲ್ಲದಂಗ ಅನಸ್ತೈತಿ.”

“ಏನೂ ಇಲ್ಲದಂಗ?”

“ಏನಂದ್ರ ಏನೂ ಇಲ್ರಿ!”

“ಹಂಗಿದ್ರ ಹಾಕ್ಕೊಳ್ಳೂದು ಯಾಕ?”

ಆತ ಬೂಟು ಒಳಗಿಟ್ಟ. ಡಬ್ಬಿ ಮುಚ್ಚಿದ. ಹೆಂಡತಿಯ ಕಡೆ ತಿರುಗಿ, “ಅಕ್ಕಾರ, ನಿಮಗೇನರ ತೋರಸ್ಲೇನ್ರಿ?” ಅಂದ.

ಆಕೆ ಎರಡು ಜೋಡಿ ತೆಗೆದುಕೊಂಡಳು.

ಬಾಗೇವಾಡಿ: ಮಾಸ್ತರರ ಹೊಟ್ಟೆ

ನಿವೃತ್ತಿಯಾಗಿ ಬಾಗೇವಾಡಿಯಲ್ಲಿ ಮನೆ ಮಾಡಿದೆ. ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್ ಮಾಸ್ತರರು. ಡಾಕ್ಟರು ಇಬ್ಬರಿಗೂ ಒಂದೇ ಔಷಧ ಹೇಳಿದರು: ಹೊಟ್ಟೆ ಇಳಿಸಿ, ಬೆಳಿಗ್ಗೆ ನಡೆಯಿರಿ.

ನಾನು ಇದ್ದ ಚಪ್ಪಲಿಯಲ್ಲೇ ಹೊರಟೆ. ಮಾಸ್ತರರಿಗೆ ಅವರ ಅಳಿಯ ಸೊಲ್ಲಾಪುರದಿಂದ ಬಿಳಿ ಬೂಟು ತಂದುಕೊಟ್ಟ. ದಪ್ಪ ತಳ, ಉದ್ದ ಲೇಸು.

ಮಾಸ್ತರರು ದೈವಭಕ್ತರು. ದಾರಿಯಲ್ಲಿ ಹನುಮಪ್ಪನ ಗುಡಿ. ಬಗ್ಗಿ ಲೇಸು ಬಿಚ್ಚಿ, ಬೂಟು ಕಳೆದು, ಕೈಮುಗಿದು, ಬಗ್ಗಿ ಲೇಸು ಕಟ್ಟಿದರು. ಮುಂದೆ ಬಸವಣ್ಣನ ಗುಡಿ. ಬಗ್ಗಿ ಬಿಚ್ಚಿದರು, ಬಗ್ಗಿ ಕಟ್ಟಿದರು. ಅದರಾಚೆ ಲಕ್ಕವ್ವ. ಆಮೇಲೆ ಬೇವಿನ ಗಿಡದ ಕೆಳಗಿನ ನಾಗಪ್ಪ. ನಾನು ಎರಡು ದಿನ ಕಾದೆ. ಮೂರನೆಯ ದಿನ ಬಿಟ್ಟು ನಡೆದೆ. ನಾನು ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ದೂರ ಹೋಗಿ ತಿರುಗಿ ಬಂದಾಗ ಮಾಸ್ತರರು ಲಕ್ಕವ್ವನ ಮುಂದೆ ಗಂಟು ಹಾಕುತ್ತಿರುತ್ತಿದ್ದರು.

ಮಳೆಗಾಲ ಬಂತು. ಡಾಕ್ಟರ ಹತ್ತಿರ ಹೋದೆವು. ಮಾಸ್ತರರ ಹೊಟ್ಟೆ ಇಳಿದಿತ್ತು. ನನ್ನದು ಇದ್ದಲ್ಲೇ ಇತ್ತು.

“ಸರ್ವೇಯರ ಸಾಹೇಬ್ರ,” ಅಂದರು ಡಾಕ್ಟರು, “ಮಾಸ್ತರನ್ನ ನೋಡಿ ಕಲೀರಿ. ಅವರು ಎಷ್ಟ ನಡದಾರ ನೋಡ್ರಿ.”

“ಅವರು ನಡದಿಲ್ಲ,” ಅಂದೆ. “ಬಗ್ಗ್ಯಾರ.”

ಬಾಗೇವಾಡಿ: ತಪ್ಪಿದ ಸಂಬಂಧ

ಅದೇ ಮಳೆಗಾಲದಲ್ಲಿ ಮಗಳಿಗೆ ಒಂದು ಸಂಬಂಧ ಬಂತು. ಹುಡುಗನ ಸೋದರಮಾವ ಮೊದಲು ಒಳಗೆ ಬಂದರು. ಬಾಗಿಲಲ್ಲಿ ನನ್ನ ಚಪ್ಪಲಿ ಇತ್ತು. ಅದರ ಮೇಲೆ ಎರಡೂ ಕಾಲು ಒರೆಸಿಕೊಂಡು ಬಂದರು. ಆಮೇಲೆ ಬಂದವರೂ ಒರೆಸಿಕೊಂಡೇ ಬಂದರು.

ಹೋಗುವಾಗ ನಾನು ಅವರನ್ನು ಕಳಿಸಲು ಬಾಗಿಲಿಗೆ ಬಂದು ಚಪ್ಪಲಿ ಹಾಕಿಕೊಂಡೆ. ಸೋದರಮಾವ ಗಾಬರಿಯಾಗಿ, “ಯಪ್ಪಾ! ಕಾಲೊರಸು ಹಾಕ್ಕೊಂಡ್ರಿ!” ಅಂದರು.

ಆ ಸಂಬಂಧ ಮುಂದುವರಿಯಲಿಲ್ಲ. ಹೆಂಡತಿ ಮಾತು ಬಿಟ್ಟಳು. ಮಗಳು ಮಾತ್ರ, “ಹೋಗ್ಲಿ ಬಿಡಪಾ. ಕಾಲೊರಸು ಯಾವುದು, ಚಪ್ಪಲಿ ಯಾವುದು ಗೊತ್ತಿಲ್ಲದ ಮನ್ಯಾಗ ನಾನ್ ಏನ್ ಮಾಡ್ಲಿ,” ಅಂದಳು.

ಆದರೆ ಮುಂದಿನ ಸಂಬಂಧ ಯಂಕಂಚಿಯಿಂದ ಬಂದಾಗ ಮಗಳು ಹಾಗೆ ಮಾತಾಡಲಿಲ್ಲ. ಹುಡುಗ ಮಾಸ್ತರಿಕೆ ಮಾಡುತ್ತಿದ್ದ. ಆಕೆಯ ಗೆಳತಿಯ ಅಣ್ಣ. ನೋಡಿ ಗೊತ್ತಿತ್ತು. ಮನಸ್ಸಿತ್ತು. ಹಿಂದಿನ ಸಂಜೆ ಬಂದು ಬಾಗಿಲಿಗೆ ನಿಂತಳು.

“ಅಪ್ಪಾ, ಇದೊಂದ ಸಲ.”

ಕಣ್ಣು ನನ್ನ ಚಪ್ಪಲಿಯ ಮೇಲಿತ್ತು. ಹೂಂ ಅಂದೆ.

ಬಾಗೇವಾಡಿ: ತೋರಿಸುವ ಬೂಟು

ಹೆಂಡತಿ ಪಕ್ಕದ ಮನೆಯ ಮಾಸ್ತರರ ಬೂಟು ಕೇಳಿ ತಂದಳು. ಮಾಸ್ತರರ ಕಾಲು ನನ್ನದಕ್ಕಿಂತ ಸಣ್ಣದು.

“ಹಾಕ್ಕೊಳ್ಳೂದು ಬ್ಯಾಡ್ರಿ,” ಅಂದಳು. “ಬಾಗಲ್ದಾಗ ಇಡೂದು. ತೋರಸಾಕಷ್ಟ.”

ನನ್ನ ಚಪ್ಪಲಿ ಹಿತ್ತಲ ಕಟ್ಟಿಗೆಯ ಒಟ್ಟಿನಲ್ಲಿ ಮರೆಯಾಯಿತು.

ಯಂಕಂಚಿಯವರು ಬಂದರು. ಹುಡುಗನ ತಂದೆ ದೊಡ್ಡ ಆಳು, ಒಕ್ಕಲುತನದವರು. ಕಾಲಲ್ಲಿ ಕರಿ ಬೂಟು, ಮಿರಮಿರ. ನಮ್ಮ ಬಿಳಿ ಬೂಟಿನ ಪಕ್ಕದಲ್ಲಿ ಬಿಟ್ಟರು. ಬಿಳಿಯದನ್ನು ಒಮ್ಮೆ ನೋಡಿದರು. ಹೆಂಡತಿಯ ಮೋರೆ ಅರಳಿತು. ಅವಲಕ್ಕಿ, ಚಹಾ, ಮಾತು ಎಲ್ಲ ಸುಸೂತ್ರ. ಮಗಳು ಬಂದಳು, ಕೂತಳು, ಹೋದಳು. ಆಗ ಅವರು ಎದ್ದರು.

“ಹೂವಿನ ಹಿಪ್ಪರಗಿ ದಾರ್ಯಾಗ ನಿಮ್ಮ ಹೊಲ ಐತಂತಲ್ರಿ. ಬರ್ರಿ, ನೋಡಿ ಬರೂಣು.”

ನಾನು ಹೆಂಡತಿಯನ್ನು ನೋಡಿದೆ. ಹೆಂಡತಿ ಬೂಟು ನೋಡಿದಳು. ಮಗಳು ಒಳಬಾಗಿಲಿನಿಂದ ನನ್ನನ್ನು ನೋಡಿದಳು.

ಹಾಕಿಕೊಂಡೆ. ಬೆರಳು ಮಡಚಿಕೊಂಡೆ, ಲೇಸು ಹಾಗೇ ಬಿಟ್ಟೆ. ಜೀಪಿನಲ್ಲಿ ಹೋಗಿ ಇಳಿದೆವು.

ರಾತ್ರಿಯ ಮಳೆಗೆ ಹೊಲ ಕೆಸರಾಗಿತ್ತು. ಬದುವಿನಿಂದ ಕೆಳಗೆ ಇಳಿದ ಕೂಡಲೇ ಅವರ ಬಲಗಾಲಿನ ಬೂಟು ಮಣ್ಣಿನಲ್ಲೇ ನಿಂತಿತು. ಕಾಲು ಹೊರಗೆ ಬಂತು. ಹಿಂದೆಯೇ ನನ್ನದೂ ನಿಂತಿತು. ಇಬ್ಬರೂ ಒಂದೊಂದು ಕಾಲಿನ ಮೇಲೆ ನಿಂತೆವು. ನಗಲಿಲ್ಲ. ನಗುವಷ್ಟು ಪರಿಚಯವಾಗಿರಲಿಲ್ಲ.

“ಬೂಟು ಭಾರಿ ಛಲೋ ಅದಾವ್ರಿ ನಿಮ್ಮವು,” ಅಂದರು, ಮರ್ಯಾದೆಗೆ.

“ನನ್ನವಲ್ಲ. ಮಗ್ಗಲ ಮನಿ ಮಾಸ್ತರ್ದು.”

ಅವರು ನನ್ನ ಭುಜ ಹಿಡಿದು ಇನ್ನೊಂದು ಬೂಟನ್ನೂ ಕಿತ್ತು ಕೈಯಲ್ಲಿ ಹಿಡಿದರು.

“ಇವೂ ನನ್ನವಲ್ರಿ. ನಮ್ಮ ಷಡ್ಡಕಂದು. ನಾನು ಹುಟ್ಟಿದಾಗಿಂದ ಬೂಟ್ ಹಾಕಿದಾಂವಲ್ಲ. ಹೆಣ್ಣಿನವರು ಕಾಲು ನೋಡ್ತಾರ ಅಂತ ನಮ್ಮಾಕಿ ಹಾಕಿಸಿ ಕಳಿಸ್ಯಾಳ. ಮುಂಜಾನಿಂದ ಜೀವಾ ಹೊಂಟೈತಿ.”

ಹೊಲ ಪೂರ್ತಿ ನೋಡಿದೆವು, ಬರಿಗಾಲಲ್ಲಿ. ನಡೆಯುತ್ತ ನನ್ನ ಚಪ್ಪಲಿಯ ಕತೆ ಹೇಳಿದೆ. ಮಾಸ್ತರರ ಒಂದು ಬೂಟು ಎಷ್ಟು ಕೆದಕಿದರೂ ಸಿಗಲಿಲ್ಲ. ಮನೆಗೆ ಬಂದಾಗ ಇಬ್ಬರ ಕಾಲಿಗೂ ಮೊಳಕಾಲ ತನಕ ಎರೆ ಮಣ್ಣು. ಹೆಂಡತಿ ಬಾಗಿಲಲ್ಲಿ ಗೋಡೆ ಹಿಡಿದು ನಿಂತಳು.

“ತಂಗಿ,” ಅಂದರು ಅವರು, “ಇವರ ಖರೇ ಚಪ್ಪಲಿ ಎಲ್ಲಿ ಮುಚ್ಚಿ ಇಟ್ಟೀರಿ? ತರ್ರಿ.”

ಹೆಂಡತಿ ಅಲುಗಲಿಲ್ಲ. ಮಗಳು ಹೋಗಿ ಕಟ್ಟಿಗೆಯ ಒಟ್ಟಿನಿಂದ ತಂದು ಅವರ ಮುಂದೆ ಇಟ್ಟಳು. ಅವರು ಕಾಲು ತೊಳೆದುಕೊಂಡು ಹಾಕಿಕೊಂಡರು. ಅಂಗಳದಲ್ಲಿ ಹೋದರು, ಬಂದರು. ಬೆರಳು ಅಲುಗಿಸಿ ನೋಡಿದರು.

“ಯಾರ್ ಮಾಡ್ಯಾರ್ರಿ ಇದನ್ನ?”

“ಹೇಳಾಕ ಬರೂದಿಲ್ಲ,” ಅಂದೆ. “ಮಾತು ಕೊಟ್ಟೇನಿ.”

ಅವರು ಅದನ್ನೇ ಹಾಕಿಕೊಂಡು ಜೀಪು ಹತ್ತಿದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೆಂಡತಿ, “ಸಂಬಂಧಾನೂ ಹೋತು, ಚಪ್ಪಲೀನೂ ಹೋತು,” ಅಂದಳು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಬರಿಗಾಲಲ್ಲಿ ವಾಕಿಂಗ್ ಹೋದೆ. ಮಾಸ್ತರರೂ ಬರಿಗಾಲಲ್ಲೇ ಬಂದರು, ಬೇರೆ ಬೂಟು ಇರಲಿಲ್ಲ.

ವಾರದೊಳಗೆ ಯಂಕಂಚಿಯಿಂದ ಹಿರಿಯರು ಬಂದರು. ಹುಡುಗಿ ಒಪ್ಪಿಗೆ. ಏನು ಬೇಡುತ್ತೀರಿ ಎಂದು ಕೇಳಿದೆ. ಹುಡುಗನ ತಂದೆ ಎದ್ದು ತಮ್ಮ ಕಾಲು ತೋರಿಸಿದರು.

“ನನಗ ಇಂಥಾದ ಇನ್ನೊಂದ ಜೋಡಿ. ಅಷ್ಟ.”

ಮರುದಿನವೇ ಇಂಡಿ ಬಸ್ ಹತ್ತಿದೆ. ಕಾಕಾ ಮುದುಕನಾಗಿದ್ದ. ಅದೇ ಗೋಡೆ.

“ಎರಡು ಜೋಡಿ ಮಾಡು,” ಅಂದೆ. “ಒಂದು ನನಗ.”

“ಇನ್ನೊಂದು ಯಾರಿಗ್ರಿ?”

“ಬೀಗರಿಗೆ. ಮಗಳ ಲಗ್ನ ಗೊತ್ತಾಗೈತಿ.”

ಕಾಕಾ ಉಳಿ ಕೆಳಗಿಟ್ಟ. ಆಚೀಚೆ ನೋಡಿದ. ಹತ್ತಿರ ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದ:

“ಸಾಹೇಬ್ರ, ಸಂಬಂಧ ಬ್ಯಾಡಾಗಿದ್ರ ಬಾಯಿಲೆ ಹೇಳ್ರಿ. ಇದನ್ಯಾಕ ಕೊಡ್ತೀರಿ?”