ಗೂಳಿಯ ಮೂಗಿನೆದುರು ಒಂದು ನಿಂಬೆಹಣ್ಣು

ನಾನು ಬಂಡೆಚಿತ್ರಗಳ ಸಂಶೋಧಕ. ಹೀಗೆಂದರೆ ಉಡುಪಿಯಲ್ಲಿ ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ಸಾವಿರಾರು ವರ್ಷಗಳ ಹಿಂದಿನ ಮನುಷ್ಯರು ಕಲ್ಲಿನ ಮೇಲೆ ಕೊರೆದ ಗೂಳಿ, ಜಿಂಕೆ, ಬೇಟೆಗಾರರನ್ನು ಹುಡುಕಿ, ಅಳೆದು, ಫೋಟೊ ತೆಗೆದು ಲೇಖನ ಬರೆಯುವುದು ನನ್ನ ಕೆಲಸ ಎಂದು ವಿವರಿಸಿದರೆ, ಕೇಳಿದವರು "ಅದಲ್ಲದೆ ಬೇರೆ ಎಂತ ಮಾಡ್ತೀರಿ?" ಎನ್ನುತ್ತಿದ್ದರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ ಎಂದ ಮೇಲೆ ಅವರಿಗೂ ಸಮಾಧಾನ, ನನಗೂ ಸಮಾಧಾನ. ಕಾಪುವಿನಲ್ಲಿದ್ದ ನನ್ನ ಅತ್ತೆಯವರಂತೂ ನೆರೆಕರೆಯವರಿಗೆಲ್ಲ "ಅಳಿಯನಿಗೆ ಕಲ್ಲಿನದ್ದು ಎಂತದೋ ಉಂಟು" ಎಂದು ಹೇಳಿ, ನಾನು ಕೆಂಪು ಮುರಕಲ್ಲನ್ನು ಕಡಿದು ಮಾರುವ ಕೋರೆ ನಡೆಸುತ್ತೇನೆಂಬ ಗೌರವವನ್ನು ನನಗೆ ದೊರಕಿಸಿಕೊಟ್ಟಿದ್ದರು. ಮನೆ ಕಟ್ಟಿಸುವವರು ಒಂದಿಬ್ಬರು ಬಂದು ಕಲ್ಲಿನ ರೇಟು ವಿಚಾರಿಸಿದ್ದೂ ಉಂಟು.

ನನ್ನ ಕೆಲಸವನ್ನು ಅರ್ಥ ಮಾಡಿಕೊಂಡಿದ್ದವರು ಧಾರವಾಡದಲ್ಲಿದ್ದ ನನ್ನ ಗುರುಗಳು ಮಾತ್ರ. ಅರ್ಥ ಮಾಡಿಕೊಂಡಿದ್ದರಿಂದಲೇ ಅವರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. "ನಿಮ್ಮ ಕಡೆ ಆ ಕೆಂಪುಗಲ್ಲು ಮಳಿಗೆ ಸವದ ಹೋಗಿರ್ತದಪಾ. ಅಲ್ಲಿ ಏನ್ ಹುಡಕ್ತಿ? ಬಳ್ಳಾರಿ ಕಡೆ ಬಾ" ಎನ್ನುತ್ತಿದ್ದರು. ಕರಾವಳಿಯ ಕಲ್ಲಿನಲ್ಲೇ ಒಂದು ಒಳ್ಳೆಯ ಚಿತ್ರ ಹುಡುಕಿ ಅವರಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಹಟವಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಶನಿವಾರ ಆ ಹಟ ಈಡೇರಿತು. ಕಾರ್ಕಳದ ಹತ್ತಿರ, ನಿಟ್ಟೆಯಿಂದಾಚೆಗೆ ಒಂದು ಪದವು. ಮರವಿಲ್ಲದ, ಬರೀ ಮುರಕಲ್ಲು ಹಾಸಿದ ಬಯಲು. ಅಲ್ಲಿ ಮಧ್ಯಾಹ್ನವೆಲ್ಲ ಬಗ್ಗಿ ನಡೆದು ಸೊಂಟ ಹಿಡಿದುಕೊಂಡು ಕುಳಿತವನಿಗೆ, ಇಳಿಬಿಸಿಲಿನ ಓರೆ ಬೆಳಕಿನಲ್ಲಿ, ಕಾಲ ಬುಡದಲ್ಲೇ ಒಂದು ಗೂಳಿ ಕಂಡಿತು. ಎತ್ತರದ ಡುಬ್ಬ, ಬಾಗಿದ ಕೊಂಬು, ಎದುರಿಗೆ ಕೈ ಅಗಲಿಸಿ ನಿಂತ ಮನುಷ್ಯ. ನಾನು ಅದರ ಬೆನ್ನ ಮೇಲೆಯೇ ಕುಳಿತಿದ್ದೆ.

ಫೋಟೊ ಚೆನ್ನಾಗಿ ಬಂದರೆ ಮಾತ್ರ ಗುರುಗಳು ಬಂದಾರು. ಆದ್ದರಿಂದ ಶಾಸ್ತ್ರೋಕ್ತವಾಗಿ ಕೆಲಸಕ್ಕಿಳಿದೆ. ಸವೆದ ಗೀರುಗಳು ಎದ್ದು ಕಾಣಲೆಂದು ಬಿಳಿ ಅಕ್ಕಿಹಿಟ್ಟನ್ನು ಅವುಗಳಲ್ಲಿ ತುಂಬಿದೆ. ಅಳತೆ ಮಾಡಲು ಅನುಕೂಲವಾಗುವಂತೆ ಸುತ್ತಲೂ ಮೊಳೆ ಹೊಡೆದು, ನೂಲು ಎಳೆದು ಚೌಕಗಳನ್ನು ಮಾಡಿದೆ. ನೂಲು ಕೆಂಪು. ಬಿಳಿ ನೂಲು ಫೋಟೊದಲ್ಲಿ ಸರಿಯಾಗಿ ಕಾಣುವುದಿಲ್ಲ. ಇನ್ನು ಚಿತ್ರದ ಗಾತ್ರ ತಿಳಿಯಲು ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕು. ಅದನ್ನು ಮನೆಯಲ್ಲಿ ಮರೆತು ಬಂದಿದ್ದೆ. ಚೀಲ ತಡಕಾಡಿದಾಗ ನಿಂಬೆಹಣ್ಣು ಸಿಕ್ಕಿತು. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳ ಓಟಕ್ಕೆ ನನಗೆ ವಾಂತಿ ಬರುತ್ತದೆಂದು ನನ್ನ ಹೆಂಡತಿ ಸುಮನ ಮೂಸಲು ಹಾಕಿ ಕಳಿಸುತ್ತಿದ್ದ ನಿಂಬೆಹಣ್ಣು ಅದು. ಗೂಳಿಯ ಮೂಗಿನ ಮುಂದೆ ಇಟ್ಟೆ. ಬಹಳ ಚೆನ್ನಾಗಿ ಕಂಡಿತು.

ಅಷ್ಟರಲ್ಲಿ ರೀಲು ಮುಗಿಯಿತು, ಬೆಳಕೂ ಹೋಯಿತು. ನಾಳೆ ಬೆಳಿಗ್ಗೆ ಬಂದು ಮುಂದುವರಿಸಿದರಾಯಿತು, ಇದನ್ನೆಲ್ಲ ಕಿತ್ತು ಮತ್ತೆ ಕಟ್ಟುವುದೇಕೆ ಎಂದು ಎಲ್ಲವನ್ನೂ ಹಾಗೆಯೇ ಬಿಟ್ಟು ಮನೆಗೆ ಬಂದೆ.

ಮರುದಿನ ಹೋದಾಗ ಪದವಿನಲ್ಲಿ ಜನ ಸೇರಿದ್ದರು. ನನ್ನ ಶೋಧದ ಸುದ್ದಿ ಇಷ್ಟು ಬೇಗ ಹಬ್ಬಿತಲ್ಲ ಎಂದು ನನಗೆ ಹೆಮ್ಮೆಯಾಯಿತು. ತಲೆಗೂದಲು ಸರಿಮಾಡಿಕೊಂಡು ಮುಂದೆ ನಡೆದೆ.

ತಮ್ಮತಮ್ಮಲ್ಲೇ ತುಳುವಿನಲ್ಲಿ ಮಾತಾಡುತ್ತಿದ್ದವರು ನನ್ನ ಪ್ಯಾಂಟು ಕನ್ನಡಕ ನೋಡಿ ಕನ್ನಡಕ್ಕೆ ತಿರುಗಿದರು. ಆ ಜಾಗದ ಯಜಮಾನರು ಸದಾನಂದ ಶೆಟ್ರು. ಮರ್ಯಾದಸ್ಥರು. ಕೈ ಅಡ್ಡ ಹಿಡಿದು, "ಹತ್ತಿರ ಬರಬೇಡಿ ಮಾಸ್ಟ್ರೇ. ಯಾರೋ ಮಾಟ ಮಾಡಿ ಹೋಗಿದ್ದಾರೆ. ನಮ್ಮ ಅಮ್ಮನ ದನ ನಿನ್ನೆ ಸಂಜೆ ಇಲ್ಲಿ ಮೇಯಲಿಕ್ಕೆ ಬಂದದ್ದು. ಇವತ್ತು ಬೆಳಿಗ್ಗೆ ಒಂದು ತೊಟ್ಟು ಹಾಲು ಕೊಡಲಿಲ್ಲ" ಎಂದರು.

ಪಕ್ಕದಲ್ಲಿ ಅವರ ತಾಯಿ ಕಮಲಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಜನರ ಅಜ್ಞಾನವನ್ನು ನಿವಾರಿಸುವುದು ಅಧ್ಯಾಪಕನ ಧರ್ಮ. ನಾನು ನಗುತ್ತಾ, "ಅದು ಮಾಟ ಅಲ್ಲ ಶೆಟ್ರೇ. ಅದನ್ನು ಮಾಡಿದ್ದು ನಾನೇ" ಎಂದೆ.

ಈ ವಾಕ್ಯದ ಪೂರ್ಣ ಅರ್ಥ ನನಗೆ ಹೊಳೆದದ್ದು ಅದನ್ನು ಹೇಳಿದ ಮೇಲೆ. ಅಷ್ಟರಲ್ಲಿ ಜನ ನನ್ನ ಸುತ್ತ ವೃತ್ತಾಕಾರವಾಗಿ ನಿಂತಿದ್ದರು.

"ಬ್ಯಾಗಿನಲ್ಲಿ ಎಂತ ಉಂಟು?" ಎಂದು ಶೆಟ್ರು ಕೇಳಿದರು. ಅವರ ಧ್ವನಿ ಈಗ ಬೇರೆಯಾಗಿತ್ತು.

ನನ್ನ ನಿರ್ದೋಷಿತ್ವವನ್ನು ಸಾಬೀತುಪಡಿಸಲು ನಾನೇ ಚೀಲ ಬಿಚ್ಚಿದೆ. ಸುತ್ತಿಗೆ ಬಂತು. ಮೊಳೆ ಬಂತು. ಕೆಂಪು ನೂಲಿನ ಉಂಡೆ ಬಂತು. ಅಕ್ಕಿಹಿಟ್ಟಿನ ಪೊಟ್ಟಣ ಬಂತು. ಕೊನೆಯಲ್ಲಿ, ಸುಮನ ಬೆಳಿಗ್ಗೆ ಹೊಸದಾಗಿ ಹಾಕಿದ್ದ ನಿಂಬೆಹಣ್ಣು ತಾನಾಗಿ ಉರುಳಿ ಬಂದು ಕಮಲಕ್ಕನ ಪಾದದ ಹತ್ತಿರ ನಿಂತಿತು. ಅವರು ಹಿಂದಕ್ಕೆ ಹಾರಿದರು.

"ನೋಡಿ," ಎಂದೆ, "ಗೂಳಿಯನ್ನು ನಾನು ಕೊರೆದದ್ದಲ್ಲ. ಅದು ಸಾವಿರಾರು ವರ್ಷ ಹಳೆಯದು. ನಾನು ಹಿಟ್ಟು ಮಾತ್ರ ಹಾಕಿದ್ದು."

"ಮತ್ತೆ ನಿಂಬೆಹಣ್ಣು ಎಂತಕ್ಕೆ?"

"ಅದು ಅಳತೆಗೆ."

"ಎಂತದ್ರ ಅಳತೆಗೆ?"

"ಗೂಳಿಯ ಅಳತೆಗೆ."

ನಿಂಬೆಹಣ್ಣಿನಿಂದ ಗೂಳಿಯನ್ನು ಅಳೆಯುವ ಮನುಷ್ಯನನ್ನು ಅವರು ಈವರೆಗೆ ಕಂಡಿರಲಿಲ್ಲ. ಹೇಳಿ ಮುಗಿಸಿದಾಗ ನನಗೂ ಅದರಲ್ಲಿ ಏನೋ ಮೋಸ ಇದ್ದಂತೆ ತೋರಿತು.

ಶೆಟ್ರು ಹಿಂದಕ್ಕೆ ತಿರುಗಿ, "ಆ ಕಲ್ಲನ್ನೇ ಕೆತ್ತಿ ತೆಗೆಯುವ. ಹಾರೆ ತನ್ನಿ" ಎಂದರು. ಹಾರೆ ತರಲು ಯಾರೂ ಹೋಗಬೇಕಾಗಲಿಲ್ಲ, ಒಬ್ಬರು ಹಿಡಿದುಕೊಂಡೇ ಬಂದಿದ್ದರು. ಅವರು ಹೆಜ್ಜೆ ಮುಂದಿಟ್ಟರು. ಅಷ್ಟು ಮಳೆಗಾಲಗಳನ್ನು ತಡೆದುಕೊಂಡ ಗೂಳಿ, ನಾನು ನೋಡಿದ ಮರುದಿನವೇ ಸಾಯುವುದರಲ್ಲಿತ್ತು. ನಾನು ಓಡಿ ಹೋಗಿ ಅದರ ಮೇಲೆ ಕೈ ಅಗಲಿಸಿ ನಿಂತೆ.

"ಮುಟ್ಟಬೇಡಿ. ಇದು ನಮ್ಮ ಪ್ರಾಚೀನ ಸಂಸ್ಕೃತಿಯ ಅಮೂಲ್ಯ ದಾಖಲೆ" ಎಂದೆ. ಹಾರೆ ನಿಲ್ಲಲಿಲ್ಲ.

"ಇದಕ್ಕೆ ಕಾನೂನಿನ ರಕ್ಷಣೆ ಉಂಟು" ಎಂದೆ. ಹಾರೆ ಇನ್ನೂ ಹತ್ತಿರ ಬಂತು.

"ಮುಟ್ಟಿದರೆ ಮುಟ್ಟಿದವರಿಗೇ ಹತ್ತುತ್ತದೆ" ಎಂದೆ.

ಹಾರೆ ಕೆಳಗೆ ಬಿತ್ತು.

ಅಷ್ಟು ವರ್ಷ ನಾನು ಮಾಡಿದ ಉಪನ್ಯಾಸಗಳಲ್ಲಿ ಯಾವುದಕ್ಕೂ ಇಂಥ ಪರಿಣಾಮ ಆಗಿರಲಿಲ್ಲ. ಶೆಟ್ರು ಮೆಲ್ಲನೆ, "ಹಾಗಾದ್ರೆ ಎಂತ ಮಾಡುವುದು?" ಎಂದು ಕೇಳಿದರು. "ಹಾಕಿದವನೇ ತೆಗೆಯಬೇಕು" ಎಂದೆ ನಾನು ಗಂಭೀರವಾಗಿ. ಎಲ್ಲರೂ ತಲೆಯಾಡಿಸಿದರು.

ಒಂದೊಂದೇ ಮೊಳೆ ಕಿತ್ತೆ. ನೂಲು ಸುತ್ತಿದೆ. ಕೊಡಪಾನದಲ್ಲಿ ನೀರು ತರಿಸಿ ಹಿಟ್ಟು ತೊಳೆಯತೊಡಗಿದೆ. ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಕಮಲಕ್ಕನಿಗೆ ತೃಪ್ತಿಯಾಗಲಿಲ್ಲ.

"ಬಾಯಲ್ಲಿ ಎಂತದೂ ಹೇಳ್ಲಿಕ್ಕಿಲ್ವಾ?" ಎಂದರು.

ನಾನು ಹುಟ್ಟಿದ್ದು ಮಂತ್ರ ಗೊತ್ತಿರುವ ಮನೆಯಲ್ಲೇ. ಆದರೆ ಆ ಹೊತ್ತಿನಲ್ಲಿ ನಾಲಿಗೆಗೆ ಬಂದದ್ದು ಬಿ.ಎ. ತರಗತಿಯ ಪಾಠ ಮಾತ್ರ. "ಓಂ ಆಳುಪಾಯ ನಮಃ" ಎಂದೆ. ಏನೂ ಅನಾಹುತವಾಗಲಿಲ್ಲ. ಧೈರ್ಯ ಬಂತು. "ಕದಂಬಾಯ ನಮಃ. ಚಾಲುಕ್ಯಾಯ ನಮಃ. ಹೊಯ್ಸಳಾಯ ನಮಃ." ರಾಜವಂಶಗಳು ಮುಗಿದರೂ ಗೂಳಿಯ ಹಿಂಗಾಲು ತೊಳೆಯುವುದು ಬಾಕಿಯಿತ್ತು. "ನವಶಿಲಾಯುಗಾಯ ನಮಃ. ಹಳೆಶಿಲಾಯುಗಾಯ ನಮಃ." ಕಮಲಕ್ಕ ಕಣ್ಣು ಮುಚ್ಚಿ, ಕೈ ಮುಗಿದು, ಒಂದೊಂದನ್ನೂ ನನ್ನ ಹಿಂದೆಯೇ ಹೇಳಿದರು. ಅಷ್ಟು ಏಕಾಗ್ರತೆಯ ವಿದ್ಯಾರ್ಥಿನಿ ನನಗೆ ಮತ್ತೆ ಸಿಗಲಿಲ್ಲ.

ಅಂದು ಸಂಜೆ ದನ ಹಾಲು ಕೊಟ್ಟಿತು. ದನಗಳಿಗೆ ಸಮಯಪ್ರಜ್ಞೆ ಇರುವುದಿಲ್ಲ.

ಸುದ್ದಿ ಕಾರ್ಕಳ ದಾಟಿ ಉಡುಪಿಗೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಮೊದಲು ಬಂದವರು ಉದ್ಯಾವರದ ಒಬ್ಬ ರಿಕ್ಷಾ ಚಾಲಕರು. ಅವರ ರಿಕ್ಷಾ ಒಂದು ಮನೆಯ ಮುಂದೆ ಬಂದಾಗ ಮಾತ್ರ ನಿಂತುಹೋಗುತ್ತಿತ್ತಂತೆ. ಬಾಗಿಲು ತೆಗೆದ ಸುಮನ ಅವರ ಮಾತನ್ನೆಲ್ಲ ಕೇಳಿ, ಒಳಗೆ ಬಂದು, "ರಿಕ್ಷಾದ ದೋಷ ಪರಿಹಾರಕ್ಕೆ ಬಂದಿದ್ದಾರೆ. ಎಂತ ಹೇಳಲಿ?" ಎಂದಳು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ.

"ಮೆಕ್ಯಾನಿಕ್ ಹತ್ರ ಹೋಗಲಿಕ್ಕೆ ಹೇಳು."

"ಮೆಕ್ಯಾನಿಕ್ಕೇ ಇಲ್ಲಿಗೆ ಕಳಿಸಿದ್ದಂತೆ."

ಮರುವಾರ ಪ್ರಾಂಶುಪಾಲರು ನನ್ನನ್ನು ಕೊಠಡಿಗೆ ಕರೆಸಿದರು. ಕಾಲೇಜಿನ ಘನತೆ, ವೈಜ್ಞಾನಿಕ ಮನೋಭಾವ, ಅಧ್ಯಾಪಕರ ಹೊಣೆಗಾರಿಕೆ ಇವುಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಾನು ತಲೆ ತಗ್ಗಿಸಿ ಕೇಳಿದೆ. ನಂತರ ಅವರು ಎದ್ದು ಬಾಗಿಲು ಹಾಕಿ ಬಂದು, ಧ್ವನಿ ತಗ್ಗಿಸಿ, "ನಮ್ಮ ಹಿತ್ತಲಿನ ತೆಂಗು ಈ ವರ್ಷ ಕಾಯಿ ಹಿಡಿಯಲಿಲ್ಲ ಮಾರಾಯ್ರೆ" ಎಂದರು.

ಈ ಗದ್ದಲದ ನಡುವೆ ನಾನು ಧಾರವಾಡಕ್ಕೆ ಕಳಿಸಿದ್ದ ಫೋಟೊಗಳನ್ನು ನೋಡಿ ಗುರುಗಳು ಫೋನ್ ಮಾಡಿದರು. "ಗೂಳಿ ಭಾಳ ಛಲೋ ಅದ. ನಾನೇ ಬಂದು ನೋಡ್ತೀನಿ. ಆದ್ರ ಸ್ಕೇಲ್ ಬದಲಿ ಲಿಂಬಿಹಣ್ಣು ಯಾಕ ಇಟ್ಟಿ?" ಎಂದರು. ಬಂದಾಗ ಹೇಳುತ್ತೇನೆ ಎಂದೆ. ಬಂದಾಗಲೂ ಹೇಳಲಿಲ್ಲ. ಮಣಿಪಾಲದ ಗೆಸ್ಟ್ ಹೌಸಿನಿಂದ ಅವರನ್ನು ಕಾರಿನಲ್ಲಿ ಕರೆದೊಯ್ಯುವಾಗ ದಾರಿಯುದ್ದಕ್ಕೂ ಹವೆಯ ಬಗ್ಗೆಯೇ ಮಾತಾಡಿದೆ. ಊರಿನವರ ಕಣ್ಣಿಗೆ ಬೀಳದೆ ಗೂಳಿ ತೋರಿಸಿ, ಹಾಗೆಯೇ ಹಿಂದಿರುಗುವುದು ನನ್ನ ಯೋಜನೆ.

ಪದವಿನಲ್ಲಿ ಕಾರು ನಿಂತ ಕೂಡಲೇ ಶೆಟ್ರೂ ಕಮಲಕ್ಕನೂ ಹಾಜರು. ಗೂಳಿಯ ಸುತ್ತ ಬೇಲಿ ಹಾಕಿಸಿದ್ದರು. ಯಾರೂ ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಗುರುಗಳು ಮೊಣಕಾಲೂರಿ, ಭೂತಕನ್ನಡಿ ಹಿಡಿದು, ಗೀರುಗಳನ್ನು ಇಂಚಿಂಚಾಗಿ ನೋಡಿದರು. ಕೊನೆಗೆ ಎದ್ದು, "ಖರೇನ ಹಳೇದು. ನಾ ತಪ್ಪು ತಿಳಕೊಂಡಿದ್ದೆ" ಎಂದರು. ಎಷ್ಟೋ ವರ್ಷಗಳಿಂದ ನಾನು ಕಾಯುತ್ತಿದ್ದ ಮಾತು. ಅದನ್ನು ಸವಿಯಲು ನನಗೆ ಪುರಸೊತ್ತು ಸಿಗಲಿಲ್ಲ.

"ಇಲ್ಲಿ ಏನರ ಪೂಜಿ ಪದ್ಧತಿ ಅದ ಏನವ್ವಾ?" ಎಂದು ಅವರು ಕಮಲಕ್ಕನನ್ನು ಕೇಳಿಬಿಟ್ಟರು.

"ಉಂಟಲ್ಲ. ಮಂತ್ರ ಉಂಟು" ಎಂದರು ಕಮಲಕ್ಕ.

ಗುರುಗಳ ಕಣ್ಣು ಅರಳಿತು. ಜೇಬಿನಿಂದ ಪೆನ್ನು ತೆಗೆದರು. ನಾನು ನೀರು ಕುಡಿಯುವಿರಾ ಎಂದು ಕೇಳಿದೆ. ಅವರು ಕೈಬೀಸಿ ನನ್ನನ್ನು ಸುಮ್ಮನಾಗಿಸಿದರು.

"ಆಳುಪಾಯ ನಮಃ" ಎಂದರು ಕಮಲಕ್ಕ.

"ಆಳುಪರು!" ಗುರುಗಳು ನನ್ನ ತೋಳು ಹಿಡಿದುಕೊಂಡರು. "ಕೇಳಿದೇನು? ರಾಜವಂಶದ ಹೆಸರು ಜನರ ಬಾಯಾಗ ಇನ್ನೂ ಅದ. ಗೂಳಿಗಿಂತ ಇದು ದೊಡ್ಡದು."

"ಕದಂಬಾಯ ನಮಃ. ಚಾಲುಕ್ಯಾಯ ನಮಃ. ಹೊಯ್ಸಳಾಯ ನಮಃ."

ಗುರುಗಳ ಪೆನ್ನು ಓಡುತ್ತಿತ್ತು. ಅವರ ಕಣ್ಣಲ್ಲಿ ನೀರು ಬಂದಿತ್ತು. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎಂದುಕೊಂಡೆ. ಮುರಕಲ್ಲು ಬಾಯಿಬಿಡುವ ಜಾತಿಯದ್ದಲ್ಲ.

"ನವಶಿಲಾಯುಗಾಯ ನಮಃ" ಎಂದರು ಕಮಲಕ್ಕ, ಭಕ್ತಿಯಿಂದ.

ಪೆನ್ನು ನಿಂತಿತು. ಗುರುಗಳು ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ನಾನು ಬಹಳ ಆಸಕ್ತಿಯಿಂದ ಬೇಲಿಯನ್ನು ನೋಡುತ್ತಿದ್ದೆ.

"ಹಳೆಶಿಲಾಯುಗಾಯ ನಮಃ" ಎಂದು ಕಮಲಕ್ಕ ಮುಗಿಸಿದರು. "ನಮ್ಮ ಈ ಮಾಸ್ಟ್ರು ಹೇಳಿಕೊಟ್ಟದ್ದು. ದನಕ್ಕೆ ಒಳ್ಳೆಯದಾಯಿತು."

ಶೆಟ್ರೂ ಕಮಲಕ್ಕನೂ ಗುರುಗಳ ಮುಖ ನೋಡುತ್ತಿದ್ದರು. ಅವರು ಒಂದು ಮಾತಾಡಿದ್ದರೆ ನನ್ನ ಮಾನವೂ ಹೋಗುತ್ತಿತ್ತು, ಬೇಲಿಯೂ ಹೋಗುತ್ತಿತ್ತು, ಬಹುಶಃ ಗೂಳಿಯೂ ಹೋಗುತ್ತಿತ್ತು. ಅವರು ಪೆನ್ನಿನ ಮುಚ್ಚಳ ಹಾಕಿ, ಗೂಳಿಗೆ ಕೈಮುಗಿದು, "ಮಂತ್ರ ಛಲೋ ಅದವ್ವಾ. ಆದ್ರ ಕ್ರಮ ತಪ್ಪೇದ. ಹಳೆಶಿಲಾಯುಗ ಮೊದಲ ಬರಬೇಕು, ಆಮ್ಯಾಲ ನವಶಿಲಾಯುಗ, ರಾಜರು ಕಡೀಕ. ನಿಮ್ಮ ಮಾಸ್ತರ ಓದೂ ಮುಂದನೂ ಇದ ತಪ್ಪು ಮಾಡ್ತಿದ್ದ" ಎಂದರು.

ಹಿಂದಿರುಗುವಾಗ ಕಾರ್ಕಳ ದಾಟುವವರೆಗೆ ಅವರು ತಾವು ಬರೆದುಕೊಂಡದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದರು. ಆಮೇಲೆ ನಗಲಾರಂಭಿಸಿದವರು ಮಣಿಪಾಲದವರೆಗೆ ನಿಲ್ಲಿಸಲಿಲ್ಲ. ಗೆಸ್ಟ್ ಹೌಸಿನ ಮೆಟ್ಟಿಲ ಮೇಲೆ ಮಾತ್ರ ಒಮ್ಮೆಲೇ ಗಂಭೀರವಾಗಿ, "ನನ್ನ ಪಿಎಚ್.ಡಿ. ಒಳಗ ಬಳ್ಳಾರಿ ಕಡೆ ಒಂದು ಗುಡ್ಡದಾಗಿನ ಇಂಥಾದ್ದ ಜನಪದ ಆಚರಣೆ ಮ್ಯಾಲೆ ಇಡೀ ಅಧ್ಯಾಯ ಬರದೇನಿ. ನನಗಿಂತ ಮೊದಲ ಆ ಗುಡ್ಡಕ್ಕ ಯಾವ ಮಾಸ್ತರ ಹೋಗಿದ್ದನೋ ಏನೋ" ಎಂದು ಒಳಗೆ ಹೋದರು.

ಗೂಳಿಯ ಬಗ್ಗೆ ನನ್ನ ಲೇಖನ ಒಂದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು. ಗುರುಗಳ ಸಲಹೆಯಂತೆ ಮಂತ್ರದ ಪ್ರಸ್ತಾಪ ಬಿಟ್ಟೆ. ಸೌಜನ್ಯಕ್ಕೆಂದು ಶೆಟ್ರ ಮನೆಗೆ ಒಂದು ಪ್ರತಿ ಕೊಟ್ಟು ಬಂದೆ. ಕೆಲವು ತಿಂಗಳ ನಂತರ ಆ ಕಡೆ ಹೋದಾಗ ನೋಡಿದರೆ, ಗೂಳಿಯ ಚಿತ್ರವಿದ್ದ ಪುಟಕ್ಕೆ ಲ್ಯಾಮಿನೇಶನ್ ಮಾಡಿಸಿ, ಕುಂಕುಮ ಹಚ್ಚಿ, ದನದ ಹಟ್ಟಿಯ ಬಾಗಿಲ ಮೇಲೆ ಕಟ್ಟಿದ್ದರು. ಕೆಳಗೆ ನನ್ನ ಹೆಸರೂ ಅಡಿಟಿಪ್ಪಣಿಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು.

"ಲೇಖನ ಓದಿದಿರಾ ಕಮಲಕ್ಕ?" ಎಂದು ಆಸೆಯಿಂದ ಕೇಳಿದೆ.

ಅವರಿಗೆ ಆಶ್ಚರ್ಯವಾಯಿತು. "ಎಂತ ಮಾಸ್ಟ್ರೇ, ಅದು ಓದಲಿಕ್ಕೆ ಇರುವಂಥದ್ದಾ?" ಎಂದರು.

ವಿದ್ವಾಂಸರ ವಲಯದಲ್ಲಿಯೂ ಆ ಲೇಖನದ ಬಗ್ಗೆ ಇದೇ ಅಭಿಪ್ರಾಯವಿದೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ.