ನಾಡಿ ನೋಡುವ ವಾಚುಗಳೂ ನಮ್ಮಪ್ಪನ ಬೋರ್ಡೂ

ಗದಗಿನಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡವನ ಮುಂದೆ ಒಂದಾದರೂ ತಮಾಷೆ ನಡೆಯದ ದಿನವಿದ್ದರೆ ಅದು ಸೋಮವಾರ. ಸೋಮವಾರ ನಮ್ಮ ಅಂಗಡಿಗೆ ರಜೆ, ಅದಕ್ಕೆ ಹಾಗೆ ಹೇಳಿದೆ. ನಾನು ಬರೆಯುತ್ತಿರುವುದು ಇದೇ ಮೊದಲು. ಗಡಿಯಾರ ಬಿಚ್ಚಿದಾಗ ಒಂದೊಂದು ತಿರುಪನ್ನೂ ಸಾಲಾಗಿ ಜೋಡಿಸಿಟ್ಟುಕೊಳ್ಳುವ ಅಭ್ಯಾಸ ನನ್ನದು. ಬರೆಯುವಾಗಲೂ ಹಾಗೇ ಆಗುತ್ತಿದೆ. ವಿವರ ಹೆಚ್ಚಾಯಿತು ಅನ್ನಿಸಿದರೆ ಆ ಸಾಲು ದಾಟಿ ಮುಂದೆ ಹೋಗಿ, ನಾನೇನೂ ನೋಡುವುದಿಲ್ಲ.

ಮೊದಲು ಬೋರ್ಡಿನ ಸಂಗತಿ ಹೇಳಬೇಕು, ಯಾಕೆಂದರೆ ಉಳಿದದ್ದೆಲ್ಲ ಅದರಿಂದಲೇ ಆದದ್ದು. "ಎಲ್ಲಾ ತರದ ಗಡಿಯಾರ ರಿಪೇರಿ ಮಾಡಲಾಗುವುದು" ಎಂದು ನಮ್ಮಪ್ಪ ತಮ್ಮ ಕೈಯಾರೆ ಬರೆದ ತಗಡಿನ ಬೋರ್ಡು ಅಂಗಡಿಯ ಮೇಲಿದೆ. ಅಪ್ಪನ ಕಾಲಕ್ಕೆ "ಎಲ್ಲಾ" ಎಂದರೆ ಕೀಲಿ ಕೊಡುವುದು, ಗೋಡೆಗೆ ತೂಗುಹಾಕುವುದು, ಬೆಳಿಗ್ಗೆ ಒದರಿ ಎಬ್ಬಿಸುವುದು, ಇಷ್ಟೇ. ಈಗ ನಾಡಿ ನೋಡುವ ಸ್ಪೋರ್ಟ್ಸ್ ವಾಚುಗಳು ಬಂದಿವೆ. ಇವುಗಳ ಬೆನ್ನಿಗೆ ಉಬ್ಬಿದ ಸಣ್ಣ ಗಾಜು, ಅದರೊಳಗೆ ಹಸಿರು ದೀಪ. ಬೆಳಕು ಚರ್ಮದೊಳಗೆ ಇಳಿದು, ರಕ್ತ ಎಷ್ಟು ಸಲ ನುಗ್ಗಿತು ಎಂದು ನೋಡಿಕೊಂಡು ವಾಪಸು ಬರುತ್ತದೆ. ಇದಕ್ಕೆ ಸೆನ್ಸರ್ ಅನ್ನುತ್ತಾರೆ. ನೀರಿಗೆ, ಬೆವರಿಗೆ, ಧೂಳಿಗೆ ತಡೆಯುವ ಹಾಗೆ ಇದನ್ನು ಮಾಡಿದ್ದಾರಂತೆ. ನಮ್ಮ ಕಡೆಯ ಜನಕ್ಕೆ ತಡೆಯುವ ಹಾಗೆ ಮಾಡಿಲ್ಲ.

ಮಧ್ಯಾಹ್ನ ಬುತ್ತಿ ತರುವ ನನ್ನ ಹೆಂಡತಿ ಒಂದು ದಿನ ಅಂದಳು, "ಆ 'ಎಲ್ಲಾ' ಅನ್ನೂದನ್ನ ಅಳಸಿಬಿಡ್ರಿ. ಮಾವನಾರು ಇಂಥಾ ವಾಚು ಕಂಡಿದ್ರೇನು? ಖರೆ ಇಲ್ಲದ್ದನ್ನ ಬಾಗಲದಾಗ ಬರಕೊಂಡು ಕುಂಡ್ರಬಾರದು."

"ಒಂದ ಒಂದು ವಾಚು ರಿಪೇರಿ ಆಗದ ಹೊಳ್ಳಿ ಹೋಗಲಿ, ನಾನ ಅಳಸ್ತೀನಿ," ಅಂದೆ.

ಮರುದಿನ ಬುತ್ತಿಯ ಜೊತೆ ಒಂದು ತಿನ್ನರ್ ಬಾಟಲಿ, ಒಂದು ಹಳೆಯ ಬಟ್ಟೆ ಬಂದವು. ತಿನ್ನರ್ ಎಂದರೆ ಬಣ್ಣ ಕರಗಿಸುವ ಎಣ್ಣೆ. ಅದನ್ನು ನನ್ನ ಮೇಜಿನ ಕೆಳಗೆ, ನನಗೆ ದಿನಾ ಕಾಣುವ ಹಾಗೆ ಇಟ್ಟಳು.

ಒಂದು: ಶಿರಹಟ್ಟಿಯ ಮಾಸ್ತರರು

"ನನ್ನ ನಾಡಿ ನಿಂತು ನಾಕು ದಿನ ಆತಪಾ," ಎನ್ನುತ್ತ ಶಿರಹಟ್ಟಿಯ ನಿವೃತ್ತ ಮಾಸ್ತರರೊಬ್ಬರು ಬಂದು ಕುಳಿತರು. ವಾಚಿನಲ್ಲಿ ಅಂಕಿ ಬರುವ ಜಾಗದಲ್ಲಿ ಎರಡು ಅಡ್ಡಗೆರೆ. ತಿರುವಿ ನೋಡಿದರೆ ಬೆನ್ನಿನಲ್ಲಿ ಗಾಜೇ ಇಲ್ಲ, ಸುಣ್ಣ ಬಳಿದ ಗೋಡೆ ಇದೆ. ವಿಷಯ ಏನೆಂದರೆ, ದಿನಾ ಪೂಜೆಗೆ ಕುಳಿತು ಹಣೆ, ತೋಳು, ಮುಂಗೈಗೆ ವಿಭೂತಿ ಕಲೆಸಿ ಹಚ್ಚಿಕೊಂಡು, ಅದು ಹಸಿ ಇರುವಾಗಲೇ ವಾಚು ಕಟ್ಟುತ್ತಿದ್ದರು. ಒಂದರ ಮೇಲೊಂದು ಪದರು ಕೂತು ಗಟ್ಟಿಯಾಗಿತ್ತು.

ಮೆತ್ತನೆಯ ಬ್ರಷ್ಷಿನಿಂದ ಕೆರೆದು ತೆಗೆದೆ. ನಾಡಿ ಬಂತು. "ಇನ್ನ ಮ್ಯಾಲೆ ಇನ್ನೊಂದು ಕೈಗೆ ಕಟ್ರಿ ಸರ," ಅಂದೆ.

"ಎರಡೂ ಕೈಗೆ ಹಚ್ಚತೀನಿ."

"ಹಂಗಾರ ಒಣಗಿದ ಮ್ಯಾಲೆ ಒರಸಿಕೊಂಡು..."

"ಈಬತ್ತಿ ಒರಸೂದಾ?"

ಅವರು ನೋಡಿದ ನೋಟಕ್ಕೆ ನಾನು ಮೂರನೇ ಇಯತ್ತೆಯ ಶಾಲೆ ಹುಡುಗನಾಗಿಬಿಟ್ಟೆ. "ಎಲ್ಲೆ ಈಬತ್ತಿ ಹಚ್ಚಂಗಿಲ್ಲೋ ಅಲ್ಲೆ ಕಟ್ರಿ ಸರ," ಎಂದು ಕೈಮುಗಿದೆ.

ತಿಂಗಳ ಮೇಲೆ ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಒಬ್ಬಾಕೆ ಅವರನ್ನು, "ಟೈಮ್ ಎಷ್ಟ ಆತ್ರೀ?" ಎಂದು ಕೇಳಿದಳು. ಮಾಸ್ತರರು ಗಂಭೀರವಾಗಿ ಧೋತರ ಎತ್ತಿ, ಬಲಗಾಲನ್ನು ಕಟ್ಟೆಯ ಮೇಲಿಟ್ಟು, ಬಗ್ಗಿ ನೋಡಿ, "ಹತ್ತೂವರಿ," ಅಂದರು.

ಎರಡು: ಲಕ್ಷ್ಮೇಶ್ವರದ ಅತ್ತೆ ಸೊಸೆ

ಲಕ್ಷ್ಮೇಶ್ವರದಿಂದ ಅತ್ತೆ ಸೊಸೆ ಇಬ್ಬರೂ ಬಂದರು. ವಾಚು ಸೊಸೆಯದು, ತಪ್ಪು ಅತ್ತೆಯದು, ಮಾತು ಇಬ್ಬರದೂ. ಸೊಸೆ ವಾಕಿಂಗ್ ಮುಗಿಸಿ ಬಂದು ವಾಚು ಬಿಚ್ಚಿ ಹಿತ್ತಲ ಕಟ್ಟೆಯ ಮೇಲಿಟ್ಟಿದ್ದಾಳೆ. ಅಲ್ಲೇ ಅತ್ತೆ ದೇವರ ಸಾಮಾನು ತಿಕ್ಕುತ್ತಿದ್ದರು. ತಂಬಿಗೆ ಆಯಿತು, ದೀಪ ಆಯಿತು, ಗಂಟೆ ಆಯಿತು, ಆಮೇಲೆ ವಾಚು.

"ಬೆನ್ನು ಕರ್ರಗ ಆಗಿತ್ರಿ. ಹುಣಸಿಹಣ್ಣು, ಬೂದಿ ಹಾಕಿ ಚಂದಂಗ ತಿಕ್ಕೀನಿ," ಅಂದರು ಅತ್ತೆ.

"ಅದು ಹುಟ್ಟಾ ಕರ್ರಗ ಇರತೈತಿ ಅತ್ತಿ," ಅಂದಳು ಸೊಸೆ.

ಬೂದಿಯ ಗೀರಿಗೆ ಸೆನ್ಸರ್ ಗಾಜು ಪೂರಾ ಮಬ್ಬಾಗಿತ್ತು. ಬೆಳಕು ಒಳಗೆ ಹೋಗುತ್ತಿತ್ತು, ಹೊಳ್ಳಿ ಬರುವ ದಾರಿ ಅದಕ್ಕೆ ಕಾಣುತ್ತಿರಲಿಲ್ಲ. ನಾನು ಗಾಜು ಗಾಜು ಅನ್ನುತ್ತಿದ್ದೇನೆ, ಆದರೆ ಆ ವಾಚಿನಲ್ಲಿದ್ದದ್ದು ಗಾಜಿನಂಥ ಪ್ಲಾಸ್ಟಿಕ್ಕು, ಅದಕ್ಕೇ ಬಚಾವಾದೆ. ಹಲ್ಲುಜ್ಜುವ ಪೇಸ್ಟು ಹಚ್ಚಿ ಬಟ್ಟೆಯಿಂದ ತಾಸುಗಟ್ಟಲೆ ಉಜ್ಜಿದೆ. ಇದು ನಮ್ಮ ಕಸುಬಿನ ಗುಟ್ಟು, ಯಾರಿಗೂ ಹೇಳಬೇಡಿ. ಪರೀಕ್ಷೆಗೆಂದು ಅತ್ತೆಯ ಕೈಗೇ ಕಟ್ಟಿದೆ. ಎಪ್ಪತ್ತೆರಡು ತೋರಿಸಿತು.

"ಖರೆ ತೋರಸತೈತೋ, ಸುಳ್ಳ ತೋರಸತೈತೋ ಯಾರು ಬಲ್ಲರು," ಅಂದರು ಅತ್ತೆ.

ಸೊಸೆ ಮೆಲ್ಲಗೆ ಹೇಳಿದಳು, "ಅತ್ತಿ, ನಾಳೆ ತವರಮನಿಗೆ ಹೊಂಟೀನಿ. ಹದಿನೈದು ದಿನ. ಅಲ್ಲೀತನಾ ರೊಟ್ಟಿ ನೀವ ಬಡೀರಿ."

ತೊಂಬತ್ತು. ನೂರಾ ಎರಡು. ನೂರಾ ಹದಿನೆಂಟು.

"ಖರೆ ತೋರಸತೈತಿ," ಎಂದು ಸೊಸೆ ವಾಚು ಬಿಚ್ಚಿಕೊಂಡಳು.

ಮೂರು: ಮುಂಡರಗಿಯ ವಸ್ತಾದರು

ಇದೇ ನನ್ನ ಬೋರ್ಡಿಗೆ ಕುತ್ತು ತಂದ ಪ್ರಸಂಗ. ವಸ್ತಾದ ಎಂದರೆ ಗರಡಿಯಲ್ಲಿ ಕುಸ್ತಿ ಕಲಿಸುವ ಗುರು. ಮುಂಡರಗಿ ಕಡೆಯ ಈ ವಸ್ತಾದರು ಅಂಗಡಿಯೊಳಗೆ ಬಂದರೆ ಹೊರಗಿನ ಬೆಳಕು ನಿಲ್ಲುತ್ತಿತ್ತು. ಎದೆಯವರೆಗೆ ಗಡ್ಡ. ಶಿಷ್ಯರು ಉಡುಗೊರೆ ಕೊಟ್ಟ ವಾಚನ್ನು ಅಖಾಡದ ಕೆಂಪು ಮಣ್ಣಿನಲ್ಲೂ ಬಿಚ್ಚದೆ ಕಟ್ಟಿಕೊಂಡಿರುತ್ತಿದ್ದರು. ಸಂದಿಯಲ್ಲಿ ಮಣ್ಣು ಸಿಕ್ಕಿ ತಿಕ್ಕಿ, ಬೆನ್ನಿನ ಉಬ್ಬಿದ ಗಾಜು ಸವೆದು ಚಪ್ಪಟೆಯಾಗಿತ್ತು.

"ಆಗಂಗಿಲ್ಲಂದ್ರ ಈಗ ಹೇಳು, ಹಂಗ ಒಯ್ತೀನಿ," ಅಂದರು.

ಬುತ್ತಿ ತಂದಿದ್ದ ನನ್ನ ಹೆಂಡತಿ ಸದ್ದಿಲ್ಲದೆ ತಿನ್ನರ್ ಬಾಟಲಿಯನ್ನು ಮೇಜಿನ ಮೇಲೆ ಎತ್ತಿಟ್ಟಳು.

ಉಜ್ಜಿ ಹೊಳಪು ತಂದೆ. ನನ್ನ ಕೈಗೆ ಕಟ್ಟಿದೆ, ಎಪ್ಪತ್ತಾರು. ವಸ್ತಾದರ ಕೈಗೆ ಕಟ್ಟಿದೆ, ಎರಡು ಅಡ್ಡಗೆರೆ. ಮತ್ತೆ ನನ್ನ ಕೈಗೆ, ಮತ್ತೆ ಅವರ ಕೈಗೆ. ಅದೇ ಅಡ್ಡಗೆರೆ. ಹೆಂಡತಿಗೆ ಏನನ್ನಿಸಿತೋ, ಬುತ್ತಿಯ ಬಾಳೆಹಣ್ಣಿಗೆ ಕಟ್ಟಿ ನೋಡಿದಳು. ಎಂಬತ್ತೊಂದು.

ಇದರಲ್ಲಿ ಪವಾಡವೇನೂ ಇಲ್ಲ. ಸೆನ್ಸರ್ ಎದುರಿಗೆ ಏನು ಸಿಕ್ಕರೂ ಬಡಿತ ಹುಡುಕುತ್ತದೆ, ಸಿಗದಿದ್ದರೆ ಒಮ್ಮೊಮ್ಮೆ ತಾನೇ ಊಹಿಸುತ್ತದೆ. ಇದನ್ನು ಹೇಳಲು ಬಾಯಿ ತೆರೆದೆ. ವಸ್ತಾದರು ಬಾಳೆಹಣ್ಣನ್ನೇ ನೋಡುತ್ತ, "ಅಂದ್ರ ಇದಕ್ಕ ಜೀವ ಐತಿ, ನನಗಿಲ್ಲ," ಅಂದರು.

ಆಗ ಅವರ ಮುಂಗೈ ಕಣ್ಣಿಗೆ ಬಿತ್ತು. ಕರಡಿಯ ಹಾಗೆ ಕೂದಲು. ಸವೆದು ತಗ್ಗಿದ ಗಾಜು ಆ ಕೂದಲು ದಾಟಿ ಚರ್ಮ ಮುಟ್ಟುತ್ತಲೇ ಇರಲಿಲ್ಲ. ಪಕ್ಕದ ಕಟಿಂಗ್ ಅಂಗಡಿಯವರನ್ನು ಕರೆದೆ. ಕ್ಷೌರದ ಕತ್ತಿ ಕಂಡದ್ದೇ ವಸ್ತಾದರು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ಯಾಕ್ರೀ?"

"ಕತ್ತಿ ನನಗ ಸಣ್ಣಾಂವ ಇದ್ದಾಗಿಂದ ಆಗಿಬರಂಗಿಲ್ಲ," ಅಂದರು ಸಣ್ಣ ದನಿಯಲ್ಲಿ. ಆ ಗಡ್ಡದ ಕಾರಣ ನನಗೆ ಅವತ್ತು ತಿಳಿಯಿತು.

"ಅಣ್ಣಾರ, ಆ ಕಡೆ ನೋಡ್ರಿ. ಬಾಳಿಹಣ್ಣು ತಿನ್ರಿ," ಎಂದು ಹೆಂಡತಿ ಅವರ ಕೈ ಹಿಡಿದುಕೊಂಡಳು. ಎಂಬತ್ತೊಂದು ಬಡಿಯುತ್ತಿದ್ದ ಹಣ್ಣನ್ನು ವಸ್ತಾದರು ಕಣ್ಣುಮುಚ್ಚಿ ತಿಂದರು. ರೂಪಾಯಿ ಬಿಲ್ಲೆಯಗಲ ಬೋಳಾಯಿತು. ವಾಚು ಕಟ್ಟಿದೆ. ನೂರಾ ನಲವತ್ತೆಂಟು. ಕತ್ತಿ ಅಂಗಡಿ ದಾಟಿ ಹೋದ ಮೇಲೆ ಎಂಬತ್ತಕ್ಕೆ ಇಳಿಯಿತು.

ವಸ್ತಾದರು ನಗುತ್ತ ಹೋದರು. ಬೋರ್ಡು ಉಳಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಹೆಂಡತಿ ತಿನ್ನರ್ ಹಿಡಿದು ಹೊರಗೆ ಸ್ಟೂಲು ಹತ್ತಿದ್ದಳು.

"ಏ, ರಿಪೇರಿ ಆತಲ್ಲ!"

"ಮಾವನಾರ 'ಎಲ್ಲಾ' ಇರಲಿ, ಅದು ಖರೆನ ಐತಿ. 'ಗಡಿಯಾರ' ಅನ್ನೂದ ಸುಳ್ಳ. ಇವತ್ತು ನೀವು ರಿಪೇರಿ ಮಾಡಿದ್ದು ವಾಚಲ್ಲ, ಮನಶ್ಯಾನ್ನ," ಎಂದು ಆ ಒಂದೇ ಪದ ಒರೆಸಿ ಇಳಿದಳು.

ಈಗ ಬೋರ್ಡಿನಲ್ಲಿ "ಎಲ್ಲಾ ತರದ ರಿಪೇರಿ ಮಾಡಲಾಗುವುದು" ಎಂದಷ್ಟೇ ಇದೆ. ಮರುದಿನ ಒಬ್ಬರು ಕೆಟ್ಟ ಮಿಕ್ಸರ್ ತಂದರು. ಅದು ಇರಲಿ. ಅವರ ಹಿಂದೆ ಬೆಟಗೇರಿಯ ಹಿರಿಯರೊಬ್ಬರು ನಿಂತು ಬೋರ್ಡನ್ನು ಎರಡು ಸಲ ಓದಿ, ಅಳಿಯನನ್ನು ಮುಂದಕ್ಕೆ ತಳ್ಳಿ, "ಎಷ್ಟ ದಿನ ಹಿಡೀತೈತಿ ನೋಡ್ರಿ," ಅಂದರು.